9 ಯೂನಿಟ್‌ಗೆ 1,254 ರೂಪಾಯಿ

ಗೃಹಜ್ಯೋತಿಯಲ್ಲಿ 200 ಎಂಬುದು ಹೊಸ್ತಿಲು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 2022–23ರ ಮಾಸಿಕ ಸರಾಸರಿಗೆ ಸಾಮಾನ್ಯವಾಗಿ ಶೇ 10 ಸೇರಿಸಿದಷ್ಟು ಕರೆಂಟ್ ಉಚಿತ. ಆ ಮಿತಿ ಮೀರಿದರೆ ಹೆಚ್ಚಾದಷ್ಟಕ್ಕೇ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್. ಯೂನಿಟ್‌ಗೆ 6 ರೂ. ಎಂದಿಟ್ಟುಕೊಂಡರೂ 209 ಯೂನಿಟ್ ಉರಿಸಿದ ಮನೆ 1,254 ರೂ. ತೆರಬೇಕು. ನಿಗದಿತ ಶುಲ್ಕ, ತೆರಿಗೆ ಬೇರೆ.

ಈ 209 ಎಲ್ಲಿಂದ ಬರುತ್ತದೆ? ವ್ಯಾಟ್‌ ಅನ್ನು ಗಂಟೆಯಿಂದ ಗುಣಿಸಿ, 1,000ದಿಂದ ಭಾಗಿಸಿದರೆ ಯೂನಿಟ್. ನಾಲ್ವರ ಮನೆಯೊಂದರ 30 ದಿನದ ಅಂದಾಜು ಹೀಗಿದೆ:

ಫ್ಯಾನ್ 3 (75 ವ್ಯಾಟ್, ದಿನಕ್ಕೆ ತಲಾ 10 ಗಂಟೆ): 67.5
ಗೀಸರ್ (2,000 ವ್ಯಾಟ್, 1 ಗಂಟೆ): 60
ಚೋಕ್ ಇರುವ ಹಳೇ ಟ್ಯೂಬ್‌ಲೈಟ್ 4 (55 ವ್ಯಾಟ್, 5 ಗಂಟೆ): 33
ಫ್ರಿಜ್ (ವರ್ಷಕ್ಕೆ 240 ಯೂನಿಟ್): 20
ಟಿ.ವಿ. (80 ವ್ಯಾಟ್, 4 ಗಂಟೆ): 9.6
ಇಸ್ತ್ರಿ ಪೆಟ್ಟಿಗೆ (1,000 ವ್ಯಾಟ್, 15 ನಿಮಿಷ): 7.5
ಸೆಟ್‌ಟಾಪ್ ಬಾಕ್ಸ್ (10 ವ್ಯಾಟ್, 24 ಗಂಟೆ): 7.2
ಮಿಕ್ಸಿ (750 ವ್ಯಾಟ್, 10 ನಿಮಿಷ): 3.75

ಕೇರಿಗೆಲ್ಲ ಕೇಳುವಂತೆ ಅಬ್ಬರಿಸುವ ಮಿಕ್ಸಿ ಕೊನೆಯಲ್ಲಿದೆ. ಸದ್ದಿಲ್ಲದೆ ಕೂತ ಸೆಟ್‌ಟಾಪ್ ಬಾಕ್ಸ್ ಅದರ ಸುಮಾರು ಎರಡರಷ್ಟು ನುಂಗುತ್ತದೆ. ದಿನಕ್ಕೊಮ್ಮೆ ಮೊಬೈಲ್ ಚಾರ್ಜ್ ಮಾಡಿದರೆ ತಿಂಗಳಿಗೆ 1 ಯೂನಿಟ್ಟೂ ಆಗದು. ಆದರೂ ಮನೆಯಲ್ಲಿ ಬೈಗುಳ ತಿನ್ನುವುದು ಚಾರ್ಜರ್ರೇ!

ಮೊದಲ ಸಾಲಿನ ಫ್ಯಾನ್‌ಗೆ ಬರೋಣ. ಬಿ.ಎಲ್.ಡಿ.ಸಿ. ಫ್ಯಾನ್ 30 ವ್ಯಾಟ್‌ನಲ್ಲಿ ತಿರುಗುತ್ತದೆ. ಒಂದನ್ನು ಬದಲಿಸಿದರೆ ತಿಂಗಳಿಗೆ 13.5 ಯೂನಿಟ್, ಅಂದರೆ 81 ರೂ. ಉಳಿತಾಯ. ಬೆಲೆ 2,800 ರೂ. ಆದರೆ ಹಾಕಿದ ದುಡ್ಡು ವಾಪಸಾಗಲು 35 ತಿಂಗಳು. ಹಳೇ ಡಬ್ಬಿ ರೆಗ್ಯುಲೇಟರ್‌ ತಿರುಗಿಸಿ ವೇಗ ತಗ್ಗಿಸಿದರೆ ಉಳಿತಾಯ ಅಷ್ಟಕ್ಕಷ್ಟೇ. ಫ್ಯಾನ್‌ ಬಿಟ್ಟ ಕರೆಂಟಿನ ಬಹುಪಾಲು ಡಬ್ಬಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗೆ ಈ ದೋಷವಿಲ್ಲ. ಟ್ಯೂಬ್‌ಗಳ ಜಾಗಕ್ಕೆ 20 ವ್ಯಾಟ್‌ನ ಎಲ್.ಇ.ಡಿ. ಬಂದರೆ 33 ಯೂನಿಟ್ 12ಕ್ಕೆ ಇಳಿಯುತ್ತದೆ.

ಗೀಸರ್‌ನದು ಬೇರೆ ಕಥೆ. 43 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು 1 ಯೂನಿಟ್ ಬೇಕೇ ಬೇಕು. ಯಾವ ಕಂಪನಿಯ ಗೀಸರ್ ತಂದರೂ ಇದು ತಪ್ಪದು. ಇಲ್ಲಿ ಬದಲಾಗಬೇಕಾದ್ದು ಯಂತ್ರವಲ್ಲ, ಸ್ನಾನ. ಒಬ್ಬರ ಹಿಂದೆ ಒಬ್ಬರು ಮಿಂದು, ಷವರ್ ಬಿಟ್ಟು ಬಕೆಟ್ ಹಿಡಿದು, ಗೀಸರ್ ಉರಿಯುವ ಹೊತ್ತನ್ನು ದಿನಕ್ಕೆ 15 ನಿಮಿಷ ತಗ್ಗಿಸಿದರೆ 15 ಯೂನಿಟ್ ಉಳಿತಾಯ. ಸೆಟ್‌ಟಾಪ್ ಬಾಕ್ಸನ್ನು ಟಿ.ವಿ. ಜೊತೆಗೇ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದರೆ ಇನ್ನು 6.

ಒಟ್ಟು 21. ಪೇಟೆಗೆ ಹೋಗಿಲ್ಲ, ಏನನ್ನೂ ಕೊಂಡಿಲ್ಲ; ಮೀಟರ್ ಮಾತ್ರ 188ಕ್ಕೆ ನಿಂತಿದೆ.