ವರ್ತಕ ದಂಪತಿಗಳ ನಿವೃತ್ತಿ: ಅಂಗಡಿ ಬಿಡುವ ಮುನ್ನ ನೋಡಬೇಕಾದ ಲೆಕ್ಕ

ಸರ್ಕಾರಿ ನೌಕರನ ನಿವೃತ್ತಿಯ ದಿನಾಂಕವು ಆತನ ಸೇವಾ ಪುಸ್ತಕದಲ್ಲಿಯೇ ನಿಶ್ಚಿತವಾಗಿರುತ್ತದೆ. ವರ್ತಕನಿಗೆ ಅಂತಹ ದಿನಾಂಕವಿಲ್ಲ, ಪಿಂಚಣಿಯಿಲ್ಲ. ಪಾಲುದಾರನು ಸಂಸ್ಥೆಯ ನೌಕರನಲ್ಲವಾದ್ದರಿಂದ ಗ್ರಾಚ್ಯುಯಿಟಿಯೂ ಇಲ್ಲ. ಶಕ್ತಿಯಿರುವವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು, ಆನಂತರ ಮಗ ನೋಡಿಕೊಳ್ಳುತ್ತಾನೆಂದು ನಂಬುವುದು ನಮ್ಮ ಪೇಟೆಗಳ ರೂಢಿ. ಈ ರೂಢಿಯ ಪರಿಣಾಮಗಳನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ದಾವಣಗೆರೆಯ ಜವಳಿ ವರ್ತಕ ದಂಪತಿ. ಗುರುತು ತಿಳಿಯದಂತೆ ಅಂಕಿಗಳನ್ನು ಬದಲಿಸಿದ್ದೇನೆ. ಪತಿಗೆ 61 ವರ್ಷ, ಪತ್ನಿಗೆ 58. ತಂದೆ, ತಾಯಿ, ಮಗ ಮೂವರೂ ಪಾಲುದಾರರು. ಲಾಭ-ನಷ್ಟದಲ್ಲಿ ದಂಪತಿಯ ಪಾಲು ಶೇ. 80. ಬಂಡವಾಳ ಖಾತೆಯಲ್ಲಿ ಪತಿಗೆ 48 ಲಕ್ಷ, ಪತ್ನಿಗೆ 14 ಲಕ್ಷ ರೂಪಾಯಿ ಜಮಾ ಇದೆ. "62 ಲಕ್ಷ ಇದ್ದರೆ ಇಬ್ಬರಿಗೆ ಸಾಲದೇ ಆಡಿಟರೇ?" ಎಂಬುದು ಪತಿಯ ಪ್ರಶ್ನೆಯಾಗಿತ್ತು.

62 ಲಕ್ಷವೆಂಬುದು ಪುಸ್ತಕದ ಮೊತ್ತ. ಚಾಲ್ತಿ ಖಾತೆಗಳಲ್ಲಿದ್ದದ್ದು 3 ಲಕ್ಷ ಮಾತ್ರ. ಉಳಿದದ್ದು ದಾಸ್ತಾನು ಮತ್ತು ಉದ್ರಿ. ಉದ್ರಿಯಲ್ಲಿ 9 ಲಕ್ಷವು ಮೂರು ವರ್ಷ ದಾಟಿದ್ದು, ಅದಕ್ಕೆ ಭಾಗಶಃ ಪಾವತಿಯಾಗಲಿ ಬಾಕಿದಾರರ ಲಿಖಿತ ಒಪ್ಪಿಗೆಯಾಗಲಿ ಇರಲಿಲ್ಲ. 1963ರ ಲಿಮಿಟೇಶನ್ ಕಾಯ್ದೆಯಂತೆ ಅಂತಹ ಬಾಕಿಗೆ ದಾವೆ ಹೂಡುವ ಅವಧಿ ಮುಗಿದಿರುತ್ತದೆ. ಹಳೆಯ ದಾಸ್ತಾನನ್ನು ಮಾರಾಟವಾಗುವ ಬೆಲೆಗೆ ಇಳಿಸಿದಾಗ ಇನ್ನೂ 6 ಲಕ್ಷ ಕಡಿಮೆಯಾಯಿತು. ಒಟ್ಟು 15 ಲಕ್ಷದ ನಷ್ಟದಲ್ಲಿ ದಂಪತಿಯ ಪಾಲು 12 ಲಕ್ಷ ಕಳೆದು ಉಳಿದದ್ದು 50 ಲಕ್ಷ. ನಿವೃತ್ತಿಗೆ ಎರಡು-ಮೂರು ವರ್ಷ ಮೊದಲೇ ಉದ್ರಿ ವಸೂಲಿಗೆ ಕೈಹಾಕಬೇಕೆನ್ನುವುದು ಈ ಕಾರಣಕ್ಕೆ. ಹಳೆಯ ಗಿರಾಕಿಯು ತಂದೆಯ ಮುಖ ನೋಡಿ ಕೊಡುವ ಹಣವನ್ನು ಮಗನಿಗೆ ಕೊಡುವನೆಂಬ ಭರವಸೆಯಿಲ್ಲ.

ಪತ್ನಿಯವರ ಪ್ರಶ್ನೆ ಇದಕ್ಕಿಂತ ಗಂಭೀರವಾಗಿತ್ತು. "ನನ್ನ ಹೆಸರಿನ ಮನೆಯ ಪತ್ರ ಬ್ಯಾಂಕಿನಲ್ಲಿದೆ. ನಾವು ಅಂಗಡಿ ಬಿಟ್ಟ ಮೇಲೆ ಅದು ಹಿಂದಿರುಗುತ್ತದೆಯೇ?" ತಾನಾಗಿಯೇ ಹಿಂದಿರುಗುವುದಿಲ್ಲ. 25 ಲಕ್ಷದ ಓವರ್‌ಡ್ರಾಫ್ಟ್‌ಗೆ ಅವರು ಜಾಮೀನುದಾರರು. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಕುಟುಂಬದೊಳಗೆ ಬರೆದುಕೊಂಡ ನಿವೃತ್ತಿ ಪತ್ರವು ಬ್ಯಾಂಕನ್ನು ಬಂಧಿಸದು. ಮಗನು ಬೇರೆ ಆಸ್ತಿಯನ್ನು ಭದ್ರತೆಯಾಗಿ ನೀಡಬೇಕು, ಇಲ್ಲವೇ ಸಾಲವನ್ನು ತೀರಿಸಿ ಬ್ಯಾಂಕಿನಿಂದ ಲಿಖಿತ ಬಿಡುಗಡೆ ಪಡೆಯಬೇಕು. ವೃದ್ಧಾಪ್ಯದಲ್ಲಿ ಇರುವ ಒಂದು ಮನೆಯನ್ನು ಮಗನ ವ್ಯಾಪಾರದ ಏರಿಳಿತಕ್ಕೆ ಒಡ್ಡುವುದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಮಗ ಎಷ್ಟೇ ಯೋಗ್ಯನಾಗಿರಲಿ.

ನಿವೃತ್ತಿಯ ಕ್ರಮವೂ ಮುಖ್ಯ. ತಂದೆ-ತಾಯಿ ಇಬ್ಬರೂ ಒಮ್ಮೆಲೇ ಹೊರಬಂದರೆ ಒಬ್ಬನೇ ಉಳಿಯುವುದರಿಂದ ಪಾಲುದಾರಿಕೆಯೇ ಇಲ್ಲವಾಗುತ್ತದೆ. ಮಗನು ಏಕವ್ಯಕ್ತಿ ಮಾಲೀಕನಾಗಿ ತನ್ನ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನೋಂದಣಿ ಪಡೆದು, ಉಳಿದಿರುವ ಹೂಡುವಳಿ ತೆರಿಗೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕಾಗುತ್ತದೆ. ಸೊಸೆಯನ್ನು ಮೊದಲು ಪಾಲುದಾರಳಾಗಿ ಸೇರಿಸಿಕೊಂಡರೆ ಸಂಸ್ಥೆಯೂ ಅದರ ಪ್ಯಾನ್ ಸಂಖ್ಯೆಯೂ ಮುಂದುವರಿಯುತ್ತವೆ. ನೋಂದಣಿಯಲ್ಲಿ ತಿದ್ದುಪಡಿ ಸಾಕು. 1932ರ ಪಾಲುದಾರಿಕೆ ಕಾಯ್ದೆಯಂತೆ ಸಾರ್ವಜನಿಕ ಪ್ರಕಟಣೆ ನೀಡುವವರೆಗೆ ನಿವೃತ್ತರ ಹೊಣೆ ಮೂರನೆಯವರಿಗೆ ಮುಂದುವರಿಯುತ್ತದೆ. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಜಿಲ್ಲೆಯ ಪ್ರಾದೇಶಿಕ ಭಾಷಾ ಪತ್ರಿಕೆಯೊಂದರಲ್ಲಿಯೂ ಪ್ರಕಟಿಸಬೇಕು. ಈ ಖರ್ಚನ್ನು ಉಳಿಸಲು ಹೋಗುವವರೇ ಹೆಚ್ಚು.

50 ಲಕ್ಷವನ್ನು ಸಂಸ್ಥೆಯು ಒಮ್ಮೆಲೇ ಕೊಡಲಾಗದು. ವರ್ಷಕ್ಕೆ 10 ಲಕ್ಷದಂತೆ ಐದು ಕಂತು, ಬಾಕಿಗೆ ಇಂತಿಷ್ಟು ಬಡ್ಡಿ ಎಂದು ಪತ್ರದಲ್ಲಿ ಬರೆಯಬೇಕು. ಬರೆಯದೆ ಲೆಕ್ಕ ಬಾಕಿಯಾದರೆ ಕಾಯ್ದೆಯ 37ನೇ ಕಲಮು ಲಾಭದ ಪಾಲನ್ನು ಇಲ್ಲವೇ ಶೇ. 6ರ ಬಡ್ಡಿಯನ್ನು ಆಯ್ದುಕೊಳ್ಳುವ ಹಕ್ಕು ಕೊಡುತ್ತದೆ. ಆದರೆ ಮಗನೊಡನೆ ಕಲಮು ಹಿಡಿದು ವಾದಿಸುವ ತಂದೆ ಯಾರು?

ಹೂಡಿಕೆಯ ವಿಷಯ ಸರಳ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಬಡ್ಡಿ ಮೂರು ತಿಂಗಳಿಗೊಮ್ಮೆ. ಪತ್ನಿಯವರಿಗೆ 60 ತುಂಬುವವರೆಗೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ. ಒಬ್ಬರ ಹೆಸರಿಗೆ 9 ಲಕ್ಷದವರೆಗೆ ಇಡಬಹುದು. ಅವರ 14 ಲಕ್ಷದಲ್ಲಿ ನಷ್ಟ ಕಳೆದು ಉಳಿಯುವ ಹಣ ನೇರವಾಗಿ ಅವರ ಖಾತೆಗೇ ಬರಲಿ. ಪತಿಯು ತನ್ನ ಹಣವನ್ನು ಪತ್ನಿಗೆ ದಾನವಾಗಿ ಕೊಟ್ಟು ಹೂಡಿದರೆ ಅದರ ಬಡ್ಡಿಯು ಪತಿಯ ಆದಾಯಕ್ಕೇ ಸೇರುತ್ತದೆ.

ಈ ದಂಪತಿಯು ಇದುವರೆಗೆ ಓವರ್‌ಡ್ರಾಫ್ಟ್ ಮಿತಿಯನ್ನು 14 ಲಕ್ಷಕ್ಕೆ ಇಳಿಸಿದ್ದಾರೆ. ಸೊಸೆಯ ಸೇರ್ಪಡೆಯ ಪತ್ರ ಸಿದ್ಧವಾಗಿದೆ. ಮನೆಯ ಪತ್ರ ಕೈಗೆ ಬರುವವರೆಗೆ ನಿವೃತ್ತಿ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಪತ್ನಿಯವರು ಮಗನಿಗೂ ನನಗೂ ತಿಳಿಸಿದ್ದಾರೆ.