ನಳ್ಳಿ ನೀರು ಮೀನಿಗೆ ವಿಷವಾಗದಿರಲಿ

ಹಬ್ಬಕ್ಕೆ ಇನ್ನೆರಡೇ ದಿನ. ಪರದೆ ಒಗೆದಾಯಿತು, ಫ್ಯಾನಿನ ಧೂಳು ಒರೆಸಿಯಾಯಿತು. ನೆಂಟರು ಬಂದು ಕೂರುವ ಹಾಲ್‌ನಲ್ಲಿ ಇನ್ನು ಉಳಿದಿರುವುದು ಮಗ ಹಠ ಮಾಡಿ ತರಿಸಿಕೊಂಡ ಮೀನಿನ ತೊಟ್ಟಿ ಮಾತ್ರ. ಗಾಜಿಗೆ ಪಾಚಿ ಹಿಡಿದಿದೆ, ನೀರು ಹಳದಿಯಾಗಿದೆ. ನೀವು ಮೀನುಗಳನ್ನು ಒಂದು ಪಾತ್ರೆಗೆ ಹಾಕಿ, ಇದ್ದ ನೀರನ್ನೆಲ್ಲ ಚೆಲ್ಲಿ, ಕಲ್ಲು, ಮರಳನ್ನು ಉಜ್ಜಿ ತೊಳೆದು, ನಳ್ಳಿಗೆ ಪೈಪು ಹಚ್ಚಿ ಹೊಸ ನೀರು ತುಂಬಿಸುತ್ತೀರಿ. ಮೀನುಗಳನ್ನು ಮತ್ತೆ ಬಿಡುತ್ತೀರಿ. ತೊಟ್ಟಿ ಅಂಗಡಿಯಲ್ಲಿದ್ದಷ್ಟೇ ಚಂದ ಕಾಣುತ್ತದೆ.

ಸಂಜೆಯಾಗುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತವೆ. ಮರುದಿನ ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಎದ್ದು ಬಂದ ಮಗ ತೊಟ್ಟಿಯ ಮುಂದೆ ನಿಂತು ಕೇಳುತ್ತಾನೆ: "ಉಮ್ಮಾ, ನೀವು ಕ್ಲೀನ್ ಮಾಡಿದ್ದಿರಲ್ಲ, ಮತ್ತೆ ಇವು ಯಾಕೆ ಸತ್ತವು?"

ಅನೇಕ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲ ಎಂದು ಸಮಾಧಾನಪಟ್ಟುಕೊಂಡು ಬೇರೆ ಮೀನು ತರುತ್ತೇವೆ, ಇಲ್ಲವೇ ತೊಟ್ಟಿಯನ್ನು ಅಟ್ಟಕ್ಕೆ ಸೇರಿಸುತ್ತೇವೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಮೀನಿನದ್ದಲ್ಲ, ನಿಮ್ಮ ಪ್ರೀತಿಯಲ್ಲೂ ಕೊರತೆಯಿಲ್ಲ. ತಪ್ಪಿರುವುದು ಆ ಫಳಫಳ ಹೊಳೆಯುವ ನೀರಿನಲ್ಲಿ.

ನಮಗೆ ಶುದ್ಧ, ಮೀನಿಗೆ ವಿಷ

ಮಂಗಳೂರಿನವರಿಗೆ ತುಂಬೆಯಲ್ಲಿ ತಡೆದ ನೇತ್ರಾವತಿಯ ನೀರು ಬರುತ್ತದೆ. ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರು ಬರುತ್ತದೆ. ಇಷ್ಟು ದೂರ ಕೊಳವೆಯಲ್ಲಿ ಹರಿದು ಬರುವ ನೀರಿನಲ್ಲಿ ರೋಗಾಣುಗಳು ಬೆಳೆಯದಂತೆ ಅದಕ್ಕೆ ಕ್ಲೋರಿನ್ ಸೇರಿಸುತ್ತಾರೆ. ಕಾಲರಾ, ಟೈಫಾಯ್ಡ್‌ನಂತಹ ರೋಗಗಳಿಂದ ನಮ್ಮ ಮಕ್ಕಳನ್ನು ಕಾಪಾಡುವುದು ಇದೇ ಕ್ಲೋರಿನ್. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಹೀಗೆ ಶುದ್ಧೀಕರಿಸಿದ ನೀರು ಮನೆಯ ನಳ್ಳಿ ತಲುಪುವಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಇನ್ನು ಮೀನಿನ ವಿಷಯಕ್ಕೆ ಬನ್ನಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಹಾಕಿರುವ ಮಿತಿ, ಅಲ್ಪ ಸಮಯದ ಮಟ್ಟಿಗೂ, ಲೀಟರಿಗೆ 0.019 ಮಿಲಿಗ್ರಾಂ ಮಾತ್ರ. ಅಂದರೆ ನಮ್ಮ ನಳ್ಳಿಯಲ್ಲಿ ಇರಲೇಬೇಕಾದ ಕನಿಷ್ಠ ಕ್ಲೋರಿನ್ ಕೂಡಾ ಅದರ ಹತ್ತು ಪಟ್ಟು!

ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅಷ್ಟು ಕ್ಲೋರಿನ್ ನಮಗೇನೂ ಮಾಡುವುದಿಲ್ಲ. ಆದರೆ ಮೀನು ಉಸಿರಾಡುವುದೇ ಆ ನೀರಿನಲ್ಲಿ. ಅದರ ಕಿವಿರುಗಳ ತೆಳು ಪೊರೆಯ ಮೂಲಕ ನೀರು ಸದಾ ಹಾದು ಹೋಗುತ್ತಿರುತ್ತದೆ. ಕ್ಲೋರಿನ್ ಆ ಪೊರೆಯನ್ನು ಸುಟ್ಟುಬಿಡುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಅದನ್ನು ಹೀರಿಕೊಳ್ಳಲಾಗದೆ ಮೀನು ಉಸಿರುಗಟ್ಟಿ ಸಾಯುತ್ತದೆ.

ಎಲ್ಲ ನೀರನ್ನೂ ಚೆಲ್ಲಬೇಡಿ

ತೊಟ್ಟಿಯ ಸ್ವಚ್ಛತೆಯೂ ಅಡುಗೆ ಪಾತ್ರೆಯ ಸ್ವಚ್ಛತೆಯೂ ಒಂದೇ ಅಲ್ಲ. ಮೀನಿನ ಮಲ ಮತ್ತು ಅದು ತಿಂದು ಬಿಟ್ಟ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಂಡಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಫಿಲ್ಟರನ್ನು ನಳ್ಳಿಯ ಕೆಳಗೆ ಹಿಡಿದು ತೊಳೆದಿರೋ, ಈ ಉಪಕಾರಿ ಜೀವಿಗಳು ಕ್ಲೋರಿನ್‌ಗೆ ಬಲಿಯಾಗುತ್ತವೆ. ಮೊದಲ ದಿನ ಬದುಕುಳಿದ ಮೀನುಗಳು ಕೆಲವು ದಿನಗಳ ನಂತರ ಅಮೋನಿಯಾದಿಂದ ಸಾಯಲು ಇದೇ ಕಾರಣ.

ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗದಷ್ಟು ನೀರನ್ನು ಮಾತ್ರ ಬದಲಿಸಿ. ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಅಳೆದು ಒಂದಕ್ಕೊಂದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಹಿಡಿಸುವುದು 54 ಲೀಟರ್. ಮರಳು ಮತ್ತು ಮೇಲ್ಗಡೆ ಬಿಟ್ಟ ಜಾಗವನ್ನು ಕಳೆದರೆ ಸುಮಾರು 45 ಲೀಟರ್. ಅದರ ಕಾಲು ಭಾಗವೆಂದರೆ ಒಂದು ಸಣ್ಣ ಬಕೆಟ್ ನೀರು, ಅಷ್ಟೇ.

ತಿಂಗಳುಗಟ್ಟಲೆ ನೀರು ಬದಲಿಸದೇ ಬಿಟ್ಟಿದ್ದರೆ ಇನ್ನಷ್ಟು ಎಚ್ಚರ ಬೇಕು. ಹಳೆಯ ನೀರು ನಿಧಾನವಾಗಿ ಆಮ್ಲೀಯವಾಗಿರುತ್ತದೆ, ಮೀನು ಅದಕ್ಕೇ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ಹೊಸ ನೀರು ತುಂಬಿಸಿದರೆ ಆ ಬದಲಾವಣೆಯನ್ನು ಅದು ತಾಳಲಾರದು. ಇಂತಹ ತೊಟ್ಟಿಯಲ್ಲಿ ಹತ್ತನೇ ಒಂದು ಭಾಗದಂತೆ ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತಾ ಬನ್ನಿ.

ನೀರನ್ನು ಸಿದ್ಧಪಡಿಸುವುದು ಹೇಗೆ?

ಮೊದಲನೆಯ ವಿಧಾನಕ್ಕೆ ಬಿಡಿಕಾಸೂ ಖರ್ಚಿಲ್ಲ. ಅಗಲ ಬಾಯಿಯ ಬಕೆಟ್ ಅಥವಾ ಟಬ್ಬಿನಲ್ಲಿ ಹಿಂದಿನ ದಿನವೇ ನೀರು ಹಿಡಿದಿಡಿ. 24 ಗಂಟೆಯಲ್ಲಿ ಹೆಚ್ಚಿನ ಕ್ಲೋರಿನ್ ಗಾಳಿಗೆ ಹಾರಿ ಹೋಗುತ್ತದೆ. ತೊಟ್ಟಿಯ ಗಾಳಿಯಂತ್ರದ ಕೊಳವೆಯನ್ನು ಅದರಲ್ಲಿ ಇಳಿಬಿಟ್ಟರೆ, ಅಥವಾ ಆಗಾಗ ಮಗ್‌ನಿಂದ ಎತ್ತಿ ಹೊಯ್ದರೆ ಇನ್ನೂ ಬೇಗ. ಬಿಗಿಯಾದ ಮುಚ್ಚಳ ಹಾಕಬೇಡಿ. ಸೊಳ್ಳೆ ಮೊಟ್ಟೆ ಇಡದಂತೆ ತೆಳು ಬಟ್ಟೆ ಕಟ್ಟಿದರೆ ಸಾಕು.

ಎರಡನೆಯದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆಂಟಿ ಕ್ಲೋರಿನ್. ದ್ರವರೂಪದಲ್ಲೂ ಸಿಗುತ್ತದೆ, ಸಕ್ಕರೆ ಹರಳಿನಂತೆಯೂ ಸಿಗುತ್ತದೆ. ಈ ಹರಳು ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರು 'ಹೈಪೋ' ಎಂದು ಬಳಸುತ್ತಿದ್ದುದೂ ಇದನ್ನೇ. ಒಂದು ಮಿಲಿಗ್ರಾಂ ಕ್ಲೋರಿನ್ ಇಲ್ಲವಾಗಿಸಲು ಸುಮಾರು 7 ಮಿಲಿಗ್ರಾಂ ಹರಳು ಬೇಕು. 10 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿಕೊಂಡರೆ, ಅದರ 1 ಮಿಲಿಲೀಟರ್ 10 ಲೀಟರ್ ಸಾಧಾರಣ ನಳ್ಳಿ ನೀರಿಗೆ ಸಾಕಾಗುತ್ತದೆ. ಅಂಗಡಿಯ ದ್ರವವಾದರೆ ಬಾಟಲಿಯ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ಬಕೆಟ್ಟಿಗೆ ಹಾಕಿ ಚೆನ್ನಾಗಿ ಕಲಕಿ, ಕೆಲವು ನಿಮಿಷ ಬಿಟ್ಟು ಬಳಸಿ. ಬಾಟಲಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

ಮಳೆಗಾಲದಲ್ಲಿ ನದಿ ನೀರು ಕೆಂಪಾದಾಗ, ಊರಿನಲ್ಲಿ ವಾಂತಿ ಭೇದಿ ಕಾಣಿಸಿಕೊಂಡಾಗ ಹೆಚ್ಚು ಕ್ಲೋರಿನ್ ಹಾಕುವುದುಂಟು. ನಳ್ಳಿ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೆಯುತ್ತಿದ್ದರೆ ಆ ವಾರ ನೀರು ಬದಲಿಸುವುದನ್ನು ಮುಂದೂಡುವುದೇ ಲೇಸು.

ನಿಮ್ಮ ಮಗಳೋ ತಂಗಿಯೋ ಅಮೆರಿಕದಲ್ಲಿದ್ದರೆ ಅವರಿಗೆ ಒಂದು ಮಾತು ತಿಳಿಸಿ. ಅಲ್ಲಿನ ಅನೇಕ ನಗರಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಾರೆ. ಕ್ಲೋರಿನ್ ಮತ್ತು ಅಮೋನಿಯಾ ಕೂಡಿ ಆದ ಇದು ಒಂದು ದಿನ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಬರೀ ಹೈಪೋ ಹಾಕಿದರೆ ಅಮೋನಿಯಾ ಉಳಿದುಬಿಡುತ್ತದೆ. ಅಮೋನಿಯಾವನ್ನೂ ನಿಭಾಯಿಸುವ ಔಷಧಿಯನ್ನೇ ಕೇಳಿ ಕೊಳ್ಳಬೇಕು.

ಬಾವಿ, ಬೋರ್‌ವೆಲ್, ಫಿಲ್ಟರ್ ನೀರು

ಬಾವಿ ಮತ್ತು ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ನಿಜ. ಆದರೆ ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಅದನ್ನೂ ಒಂದು ದಿನ ಹಿಡಿದಿಟ್ಟು ಗಾಳಿಯಾಡಿಸಿಯೇ ಬಳಸಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದೂ ನಳ್ಳಿ ನೀರಿನಂತೆಯೇ ಎಂದು ತಿಳಿಯಿರಿ. ಟ್ಯಾಂಕರ್ ನೀರು ಇಂದು ಒಂದು ಕಡೆಯದ್ದು, ನಾಳೆ ಇನ್ನೊಂದು ಕಡೆಯದ್ದು. ಹಾಗಾಗಿ ಅದಕ್ಕೆ ಆಂಟಿ ಕ್ಲೋರಿನ್ ತಪ್ಪಿಸಬೇಡಿ.

ಆರ್‌ಒ ಯಂತ್ರದ ನೀರೇ ಉತ್ತಮವಲ್ಲವೇ ಎಂದು ನೀವು ಕೇಳಬಹುದು. ಅದರಲ್ಲಿ ಮೀನಿಗೆ ಬೇಕಾದ ಲವಣಗಳೂ ಬಹುಮಟ್ಟಿಗೆ ಹೋಗಿರುತ್ತವೆ. ಅದೊಂದನ್ನೇ ತುಂಬಿಸಬಾರದು. ಕುದಿಸಿ ಆರಿಸಿದ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕವೂ ಹೊರಟು ಹೋಗಿರುತ್ತದೆ. ಗಾಳಿಯಾಡಿಸದೆ ಅದನ್ನೂ ಹಾಕಬಾರದು.

ನೀರು ಬದಲಿಸುವ ದಿನ

1. ತೊಟ್ಟಿಯ ಪ್ಲಗ್‌ಗಳನ್ನೆಲ್ಲ ಮೊದಲು ಕಿತ್ತಿಡಿ. ಹೀಟರ್, ಮೋಟರ್ ಚಾಲೂ ಇರುವಾಗ ನೀರಿಗೆ ಕೈ ಹಾಕಲೇಬೇಡಿ.

2. ಕೈಯಲ್ಲಿ ಸೋಪು, ಕ್ರೀಮು, ಅತ್ತರಿನ ಅಂಶ ಇರಬಾರದು. ಬರೀ ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಿ.

3. ಮೀನಿನ ಕೆಲಸಕ್ಕೆ ಒಂದು ಬಕೆಟ್ ಬೇರೆಯೇ ಇರಲಿ. ಬಟ್ಟೆ ನೆನೆಸಿದ, ಫಿನಾಯಿಲ್ ಹಾಕಿದ ಬಕೆಟ್ ಬೇಡ.

4. ಮೀನುಗಳನ್ನು ಹೊರತೆಗೆಯಬೇಡಿ. ಸಣ್ಣ ಪೈಪಿನಿಂದ ತಳದ ಕಸದೊಂದಿಗೆ ಕಾಲು ಭಾಗ ನೀರನ್ನು ಬಕೆಟ್ಟಿಗೆ ಇಳಿಸಿ.

5. ಫಿಲ್ಟರಿನ ಸ್ಪಂಜನ್ನು ಹೀಗೆ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಿ.

6. ಎರಡೂ ನೀರಿಗೆ ಕೈಯದ್ದಿ ನೋಡಿ. ಬಿಸುಪು ಒಂದೇ ತೆರನಾಗಿರಬೇಕು. ಬೇಸಿಗೆ ಮಧ್ಯಾಹ್ನ ಟೆರೇಸಿನ ಟ್ಯಾಂಕಿಯ ನೀರು ಬಿಸಿಯಾಗಿರುತ್ತದೆ, ಚಳಿಗಾಲದ ಬೆಳಗ್ಗೆ ಕೊರೆಯುತ್ತದೆ.

7. ಹೊಸ ನೀರನ್ನು ಮಗ್‌ನಿಂದ ನಿಧಾನವಾಗಿ ಹೊಯ್ಯಿರಿ.

ಹೊರತೆಗೆದ ಹಳದಿ ನೀರನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ನಿಮ್ಮ ಮಲ್ಲಿಗೆ, ಪುದೀನಾ ಕುಂಡಗಳಿಗೆ ಹಾಕಿ.

ಅಪಾಯ ಕಂಡರೆ

ನೀರು ಬದಲಿಸಿದ ಬಳಿಕ ಮೀನುಗಳು ಮೇಲ್ಭಾಗದಲ್ಲಿ ಏದುಸಿರು ಬಿಡುತ್ತಿದ್ದರೆ, ದಿಕ್ಕೆಟ್ಟಂತೆ ಅತ್ತಿತ್ತ ಧಾವಿಸುತ್ತಿದ್ದರೆ, ನೀರಿನಿಂದ ಹೊರ ಹಾರಲು ಯತ್ನಿಸುತ್ತಿದ್ದರೆ ತಡ ಮಾಡಬೇಡಿ. ಇಡೀ ತೊಟ್ಟಿಗೆ ಬೇಕಾಗುವಷ್ಟು ಆಂಟಿ ಕ್ಲೋರಿನ್ ಕೂಡಲೇ ಹಾಕಿ, ಗಾಳಿಯಂತ್ರವನ್ನು ಜೋರಾಗಿ ಬಿಡಿ. ಅದಿಲ್ಲದಿದ್ದರೆ ಮೊದಲೇ ಹಿಡಿದಿಟ್ಟ ನೀರಿಗೆ ಮೀನುಗಳನ್ನು ಸಾಗಿಸಿ. ಆಂಟಿ ಕ್ಲೋರಿನ್‌ನ ಒಂದು ಸಣ್ಣ ಬಾಟಲಿ ಮನೆಯಲ್ಲಿ ಸದಾ ಇರಬೇಕು ಎನ್ನುವುದು ಇದಕ್ಕೇ.

ಬೆಕ್ಕು ಹಸಿದರೆ ಕಾಲಿಗೆ ಸುತ್ತುತ್ತದೆ, ಗಿಳಿ ಕಿರುಚುತ್ತದೆ. ಮೀನಿಗೆ ಆ ದಾರಿಯೂ ಇಲ್ಲ. ಗಾಜಿನ ನಾಲ್ಕು ಗೋಡೆಗಳ ನಡುವೆ ನಾವು ಕೊಟ್ಟ ನೀರೇ ಅದರ ಗಾಳಿ, ಅದೇ ಅದರ ನೆಲ. ಅದನ್ನು ಮನೆಗೆ ತಂದವರು ನಾವು. ಆದ್ದರಿಂದ ಆ ನೀರಿನ ಹೊಣೆಯೂ ನಮ್ಮದೇ.

ಈ ಶನಿವಾರ ಸಂಜೆ ಬಕೆಟ್ ತುಂಬಿಸಿಡುವ ಕೆಲಸವನ್ನು ಮಗನಿಗೇ ವಹಿಸಿ. "ಈಗಲೇ ಯಾಕೆ, ನಾಳೆ ಹಾಕುವಾಗ ಹಿಡಿದರಾಗದೇ?" ಎಂದು ಅವನು ಕೇಳದೇ ಇರಲಾರ. ಆಗ ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಿವಿರಿನ ಕಥೆ ಹೇಳಿ. ಕಳೆದ ಹಬ್ಬದ ಬೆಳಗ್ಗೆ ಅವನು ಕೇಳಿದ ಪ್ರಶ್ನೆಗೂ ಆಗ ಉತ್ತರ ಸಿಕ್ಕಂತಾಗುತ್ತದೆ.