ಹೆಪ್ಪುಗಟ್ಟುವ ನೀರಿನ ಅಂಚು

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದೆಂದು ಬಾಲಕರೂ ಬಲ್ಲರು. ಆದರೆ ಗಾಜಿನ ಗೋಳದಲ್ಲಿಟ್ಟ ಮಳೆಯ ನೀರು ಅದಕ್ಕಿಂತಲೂ ತಣ್ಣಗಾಗಿ ದ್ರವವಾಗಿಯೇ ಉಳಿಯಿತೆಂದೂ, ಹಿಮದ ಚೂರು ಬಿದ್ದೊಡನೆ ಗಡ್ಡೆಕಟ್ಟತೊಡಗಿತೆಂದೂ ಫ್ಯಾರನ್‌ಹೈಟ್ ಪಂಡಿತನು 1724ರಲ್ಲಿಯೇ ಪ್ರಕಟಿಸಿದ್ದನು.

ಶೀತದೇಶದ ಕೊಳದ ಮೇಲೆ ಹಿಮವು ಹಲಗೆಯಂತೆ ಸಮನಾಗಿ ಬೆಳೆಯುವುದಷ್ಟೆ. ಕೆಳಗಿನ ನೀರು ಬೆಚ್ಚಗಿರುವುದರಿಂದ ಅದರೊಳಕ್ಕೆ ಚಾಚಿದ ಮೊನೆಯು ಕರಗಿಹೋಗುವುದು. ಅತಿಶೀತಲವಾದ ನೀರಿನಲ್ಲಾದರೋ ಎಲ್ಲವೂ ತಲೆಕೆಳಗು. ಹೆಪ್ಪುಗಟ್ಟುವಾಗ ಗ್ರಾಮಿಗೆ ಸುಮಾರು 80 ಕ್ಯಾಲೊರಿ ಗುಪ್ತೋಷ್ಣವು ಹೊರಬೀಳುತ್ತದೆ. ಸಮತಲದ ಮುಂದೆ ಆ ಶಾಖವು ಕೂಡಿಕೊಂಡು ಅಡ್ಡಿಮಾಡುವುದು. ಚಾಚಿದ ಮೊನೆಯು ಅದನ್ನು ಸುತ್ತಲಿನ ತಣ್ಣೀರಿಗೆ ಚೆಲ್ಲಿ ಮತ್ತಷ್ಟು ಮುಂದೋಡುವುದು. ಹೀಗೆ ಮೊನೆಯಿಂದ ಕೊಂಬೆ, ಕೊಂಬೆಯಿಂದ ರೆಂಬೆ! ಇದನ್ನು ತಡೆಯತಕ್ಕದ್ದು ಮೇಲ್ಮೈಯ ಸೆಳೆತ. ಅದರ ದೆಸೆಯಿಂದ ಬಲು ಚೂಪಾದ ತುದಿಯು ಸೊನ್ನೆಗಿಂತ ಕೆಳಗೇ ಕರಗುತ್ತದೆ. ಈ ಹಗ್ಗಜಗ್ಗಾಟವನ್ನು ಅಮೆರಿಕದ ಮಲಿನ್ಸ್ ಮತ್ತು ಸೆಕೆರ್ಕಾ ಎಂಬ ವಿದ್ವಾಂಸರು 1963-64ರಲ್ಲಿ ಲೆಕ್ಕಕ್ಕೆ ತಂದರು.

ಇದು ಬರಿಯ ಕುತೂಹಲದ ಮಾತಲ್ಲ. ಎರಕದ ಲೋಹದಲ್ಲಿಯೂ ಇಂಥ ರೆಂಬೆಗಳೇ ಬೆಳೆದು, ಅವುಗಳ ಸಂದಿಗಳಲ್ಲಿ ಕಲ್ಮಷವು ಸೇರಿ ಬಿರುಕಿಗೆ ದಾರಿಯಾಗುವುದುಂಟು. ಆದರೆ ದ್ರವವನ್ನು ಇನ್ನೂ ಬಹಳ ತಣಿಸಿದರೆ ಅಂಚು ಅತಿವೇಗದಿಂದ ಓಡುವುದು. ಮೊನೆಗಳು ಸಣ್ಣವಾಗುತ್ತ ಹೋಗಿ, ಕಡೆಗೆ ಸೆಳೆತವೇ ಗೆದ್ದು, ಅಂಚು ಪುನಃ ನುಣುಪಾಗುವುದೆಂದು ಗಣಿತವು ತಿಳಿಸುತ್ತದೆ.